ಕೂಲಿ ಮುಟ್ಟಿತು

ಇದನ್ನು ಪಾಪ ಅನ್ನಲು ಬರುತ್ತದೆಯೇ? ಒಬ್ಬ ಮಗ ತನ್ನ ಅಪ್ಪನನ್ನು ಇಡೀ ಸಭೆಯ ಮುಂದೆ ಹೊಗಳಿಸಿದರೆ ಅದು ಯಾವ ಆಜ್ಞೆಗೆ ವಿರುದ್ಧ? ಹೆತ್ತವರನ್ನು ಗೌರವಿಸಬೇಕೆಂದೇ ಅಲ್ಲವೇ ಚಿಕ್ಕಂದಿನಿಂದ ಬಾಯಿಪಾಠ ಮಾಡಿಸಿದ್ದು? ಗೌರವಿಸಿದ್ದಕ್ಕೆ ದೇವರು ತಪ್ಪು ಹಿಡಿಯುವುದುಂಟೇ? ಹಿಡಿದರೂ, ನನ್ನ ಕೈಯಲ್ಲಿದ್ದದ್ದು ಹೂವಿನ ಹಾರ ತಾನೇ, ಕಲ್ಲಲ್ಲವಲ್ಲ ಎಂದರಾಯಿತು. ಆದರೆ ಹಾರ ಹಾಕುವ ಕೈಗೆ ತಾನು ಮಾಡುತ್ತಿರುವುದೇನೆಂದು ಗೊತ್ತಿದ್ದರೆ?

ಹೀಗೆ ತನ್ನೊಳಗೇ ವಾದ ಮಾಡುತ್ತ ಪೇಂಟರ್ ಏಣಿಯ ಮೇಲೆ ನಿಂತು ಬೇಕರಿಯ ಬೋರ್ಡಿನ ಮೊದಲ ಅಕ್ಷರಕ್ಕೆ ಕೆಂಪು ತುಂಬುತ್ತಿದ್ದ. ಕೆಳಗಿನಿಂದ ಬೇಕರಿಯವನು, ರಸ್ತೆಯ ತಿರುವಿನಿಂದಲೇ ಕಾಣಬೇಕು ಎಂದು ಎರಡನೇ ಸಲ ಕೂಗಿದ.

"ಕಾಣುತ್ತೆ ಬಿಡಿ. ಕಣ್ಣು ಮುಚ್ಕೊಂಡು ಬರೋರಿಗೂ ಕಾಣುತ್ತೆ" ಎಂದ ಪೇಂಟರ್.

ಅದೇ ಅವನ ಕಸುಬು. ಇದ್ದದ್ದನ್ನು ಇದ್ದದ್ದಕ್ಕಿಂತ ದೊಡ್ಡದಾಗಿ, ನಾಲ್ಕು ಜನಕ್ಕೆ ಕಾಣುವ ಹಾಗೆ ಬರೆಯುವುದು. ಅವನ ಅಪ್ಪನಿಗೆ ಲೋಕದಲ್ಲಿ ಆಗದೇ ಇದ್ದ ಕೆಲಸ ಯಾವುದಾದರೂ ಇದ್ದರೆ ಅದು ಇದೊಂದೇ. ಇದನ್ನೇ ಅವನು ಆರಿಸಿಕೊಂಡಿದ್ದು ಆಕಸ್ಮಿಕವೇನೂ ಆಗಿರಲಿಲ್ಲ.

ಯೋಚನೆ ಹುಟ್ಟಿದ್ದು ಹಿಂದಿನ ಭಾನುವಾರದ ಊಟದ ಮೇಜಿನಲ್ಲಿ. ಅವರ ಮನೆಯಲ್ಲಿ ಒಂದು ನಿಯಮವಿತ್ತು. ತಾನು ಮಾಡಿದ ಒಳ್ಳೆಯ ಕೆಲಸವನ್ನು ಯಾರಾದರೂ ಬಾಯಿಬಿಟ್ಟು ಹೇಳಿಕೊಂಡರೆ, ಅವರ ತಟ್ಟೆಯಲ್ಲಿದ್ದ ಮಾಂಸದ ತುಂಡು ವಾಪಸ್ ಪಾತ್ರೆಗೆ ಹೋಗುತ್ತಿತ್ತು. ನಿಯಮ ಮಾಡಿದವರು ಅಪ್ಪ. ಬೀದಿಗೆ ಬಾಗಿಲಿದ್ದ ಮುಂದಿನ ಕೋಣೆಯಲ್ಲಿ ಆಯುಷ್ಯವೆಲ್ಲ ಕ್ಷೌರದಂಗಡಿ ನಡೆಸಿದವರು. ಕುರ್ಚಿಯಲ್ಲಿ ಕೂತ ಗಿರಾಕಿಗಳ ಬಡಾಯಿಯನ್ನು ಕೇಳಿ ಕೇಳಿ ಕಿವಿ ಸೋತಿತ್ತೋ ಏನೋ, ಆ ಸದ್ದು ಒಳಗಿನ ಕೋಣೆಗೆ ಬರಕೂಡದೆಂದು ಪಟ್ಟು ಹಿಡಿದಿದ್ದರು. ಅವರ ವಿಚಾರ ಸರಳವಾಗಿತ್ತು. ಒಂದು ಒಳ್ಳೆಯ ಕೆಲಸಕ್ಕೆ ಒಂದೇ ಕೂಲಿ. ಅದನ್ನು ಮನುಷ್ಯರ ಬಾಯಿಂದ ಹೊಗಳಿಕೆಯಾಗಿ ಇಸಿದುಕೊಂಡರೆ, ಮೇಲೆ ದೇವರ ಹತ್ತಿರ ಕೇಳಲು ಏನೂ ಉಳಿಯುವುದಿಲ್ಲ.

ಆ ಭಾನುವಾರ ಸಿಕ್ಕಿಬಿದ್ದವಳು ಪೇಂಟರನ ಮಗಳು. ಚಿಲಿಪಿಲಿ ಮಾತಿನ ಹುಡುಗಿ, ಮನೆಯಲ್ಲಿ ಎಲ್ಲರಿಗೂ ಗುಬ್ಬಿ.

"ಅಜ್ಜಿ, ನಮ್ಮ ಕ್ಲಾಸಲ್ಲಿ ಒಬ್ಳು ಕೈ ಮುರ್ಕೊಂಡಿದಾಳೆ ಗೊತ್ತಾ. ಅವಳ ಬ್ಯಾಗು ದಿನಾ ನಾನೇ ಹೊರೋದು. ಬರೆಯೋದೆಲ್ಲ ನಾನೇ ಬರ್ಕೊಡ್ತೀನಿ. ಟೀಚರ್ ಎಲ್ಲರ ಮುಂದೆ..."

ಅಜ್ಜಿ ಮೇಜಿನ ಕೆಳಗೆ ಅವಳ ಕಾಲು ತುಳಿದರು. ತಡವಾಗಿತ್ತು. ಅಜ್ಜನ ಚಮಚ ಆಗಲೇ ಮೇಜು ದಾಟಿ ಬಂದಿತ್ತು.

"ಕೂಲಿ ಮುಟ್ಟಿತಲ್ಲ ಮಗಾ" ಎಂದರು ಅಜ್ಜ, ಒಂದಿಷ್ಟೂ ಸಿಟ್ಟಿಲ್ಲದೆ. "ಟೀಚರ್ ಹೊಗಳಿದ್ರು. ಈಗ ನಾವೂ ಕೇಳಿದ್ವಿ. ಇನ್ನು ಇದ್ಯಾಕೆ?"

"ಮಾವ, ಅವಳಿನ್ನೂ ಮಗು" ಎಂದಳು ಪೇಂಟರನ ಹೆಂಡತಿ.

"ಮಗು ಅಂತಲೇ ಮೆತ್ತಗೆ ಹೇಳ್ತಿರೋದಮ್ಮ."

"ಮೆತ್ತಗೆ ತೆಗೆದ್ರೂ ತಟ್ಟೆ ಖಾಲಿನೇ ಅಲ್ವಾ ಮಾವ?"

ಗುಬ್ಬಿ ಅಳಲಿಲ್ಲ. ಬ್ರೆಡ್ಡಿನ ಚೂರಿನಿಂದ ತಟ್ಟೆಯ ಸಾರನ್ನು ಒರೆಸಿ ಒರೆಸಿ, ಮಾಂಸವಿದ್ದ ಜಾಗವೇ ಗೊತ್ತಾಗದ ಹಾಗೆ ಮಾಡಿದಳು. ಪೇಂಟರ್ ಅದನ್ನೇ ನೋಡುತ್ತಿದ್ದ. ಅವನೂ ಹೀಗೆಯೇ ಒರೆಸಿದ್ದ, ಇದೇ ಮೇಜಿನಲ್ಲಿ.

ಅವನು ಗುಬ್ಬಿಯಷ್ಟಿದ್ದಾಗ, ಊರಾಚೆಯ ಕಲ್ಲುಗಣಿಯ ಹೊಂಡಕ್ಕೆ ಇಸ್ತ್ರಿಯವನ ಮಗಳು ಜಾರಿ ಬಿದ್ದಿದ್ದಳು. ದಂಡೆಯಲ್ಲಿದ್ದ ದೊಡ್ಡ ಹುಡುಗರೆಲ್ಲ ಬಾಯಿ ಬಡಿದುಕೊಳ್ಳುತ್ತಿದ್ದಾಗ ನೀರಿಗೆ ಹಾರಿದವನು ಇವನೊಬ್ಬನೇ. ಜಡೆ ಹಿಡಿದು ಎಳೆದು ತಂದಿದ್ದ. ಒದ್ದೆ ಬಟ್ಟೆಯಲ್ಲೇ ಮನೆಗೆ ಓಡಿಬಂದು ಊಟದ ಹೊತ್ತಿಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದ. ಅಪ್ಪ ಚಮಚ ಎತ್ತಿದ್ದರು. ಮಾರನೆಯ ದಿನ ಇಸ್ತ್ರಿಯವನು ಹೆಂಡತಿಯ ಜೊತೆ ಕೈ ಮುಗಿಯುತ್ತ ಬಂದಾಗ, ಹುಡುಗ ಮನೆಯಲ್ಲಿಲ್ಲ ಎಂದು ಬಾಗಿಲಲ್ಲೇ ಕಳಿಸಿದ್ದರು. ಹುಡುಗ ಬಾಗಿಲ ಹಿಂದೆಯೇ ಇದ್ದ. ಹೆಡ್‌ಮಾಸ್ಟರು ಇಡೀ ಶಾಲೆಯ ಮುಂದೆ ನಿಲ್ಲಿಸಿ ಚಪ್ಪಾಳೆ ತಟ್ಟಿಸಬೇಕೆಂದಿದ್ದರಂತೆ. ಅಪ್ಪ ಅಂಗಡಿ ಮುಚ್ಚಿಕೊಂಡು ಹೋಗಿ, ದಯವಿಟ್ಟು ಬೇಡ ಎಂದು ಹೇಳಿ ಬಂದಿದ್ದರು. ಆಮೇಲೆ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಭೇಷ್ ಎಂಬ ಒಂದು ಮಾತು ಅಪ್ಪನ ಬಾಯಿಂದ ಬರಬಹುದೆಂದು ಅವನು ಎಷ್ಟೋ ವರ್ಷ ಕಾದ. ಮೀಸೆ ಬಂತು, ಮದುವೆಯಾಯಿತು, ಮಗಳಾದಳು. ಆ ಮಾತು ಬರಲಿಲ್ಲ.

ಆ ಮಧ್ಯಾಹ್ನ ಪಾತ್ರೆ ತೊಳೆಯುತ್ತ ಹೆಂಡತಿ ಅವನನ್ನು ತರಾಟೆಗೆ ತೆಗೆದುಕೊಂಡಳು.

"ನಿಮ್ಮ ಬಾಯಿಗೇನಾಗಿತ್ತು? ಊರಿನ ಗೋಡೆ ಮೇಲೆಲ್ಲ ಬರೀತೀರಿ, ನಿಮ್ಮಪ್ಪನ ಮುಂದೆ ಒಂದಕ್ಷರ ಹೊರಡಲ್ಲ."

"ಹೊರಡುತ್ತೆ. ಸ್ವಲ್ಪ ತಾಳು" ಎಂದ ಅವನು.

ಅದು ಹೇಗೆ ಹೊರಡಬೇಕೆಂಬುದು ಅವನಿಗೆ ಹೊಳೆದದ್ದು ಮಾರನೆಯ ದಿನ, ಆಸ್ಪತ್ರೆಯಲ್ಲಿ. ಜನರಲ್ ವಾರ್ಡಿನ ಗೋಡೆಯ ಮೇಲೆ ಸದ್ದು ಮಾಡಬಾರದೆಂದು ಬರೆಯುವ ಕೆಲಸ ಸಿಕ್ಕಿತ್ತು. ಏಣಿಯ ಮೇಲಿಂದ ತಿರುಗಿ ನೋಡಿದರೆ, ಮೂಲೆಯ ಹಾಸಿಗೆಯ ಪಕ್ಕದಲ್ಲಿ ಅಪ್ಪ. ಪ್ರತಿ ಸೋಮವಾರ ವಾಕಿಂಗ್ ಎಂದು ಹೊರಡುತ್ತಿದ್ದ ಅಪ್ಪ. ಕೈಯಲ್ಲಿ ಸೋಪಿನ ಬಟ್ಟಲು, ಹೆಗಲ ಮೇಲೆ ಟವೆಲು. ಎಲುಬು ಚರ್ಮ ಮಾತ್ರ ಉಳಿದಿದ್ದ ಯಾರೋ ಒಬ್ಬನ ಗಲ್ಲಕ್ಕೆ ನೊರೆ ಹಚ್ಚಿ, ಚರ್ಮವನ್ನು ಬೆರಳಿನಿಂದ ಹಗೂರ ಎಳೆದು ಹಿಡಿದು, ಕತ್ತಿ ಓಡಿಸುತ್ತಿದ್ದರು. ಮಗನನ್ನು ಅವರು ನೋಡಲಿಲ್ಲ. ಅವರು ಕೆಲಸ ಮಾಡುವಾಗ ಗಲ್ಲ ಬಿಟ್ಟು ಬೇರೇನನ್ನೂ ನೋಡುವವರಲ್ಲ.

ವಾರ್ಡಿನ ಆಯಾ ಅವನಿಗೆ ಎಲ್ಲ ಹೇಳಿದಳು. ಸೋಮವಾರದ ಅಜ್ಜ ಎಂದೇ ಅವರಿಗೆ ಹೆಸರಂತೆ. ಅಂಗಡಿ ಇದ್ದ ಕಾಲದಿಂದಲೂ, ರಜೆಯ ದಿನ ಬರುತ್ತಿದ್ದರಂತೆ. ದಿಕ್ಕಿಲ್ಲದೆ ಸತ್ತವರಿದ್ದರೆ, ಪೆಟ್ಟಿಗೆಯಲ್ಲಿ ಇಡುವ ಮೊದಲು ಅವರ ಮುಖವನ್ನೂ ಬೋಳಿಸಿ ತಲೆ ಬಾಚಿ ಕಳಿಸುತ್ತಿದ್ದರಂತೆ. ಯಾರಿಗೂ ಹೇಳಬೇಡಿ ಎಂದು ಎಲ್ಲರಿಗೂ ತಾಕೀತು.

"ಇನ್ನೇನು ಹೋಗೇಬಿಡ್ತಾರೆ ಅನ್ನೋರಿಗೆ ಕ್ಷೌರ ಮಾಡ್ವಾಗ ಕಿವೀಲಿ ಏನೋ ಹೇಳ್ತಾರೆ" ಎಂದಳು ಆಯಾ. "ಪ್ರಾರ್ಥನೆ ಇರಬೇಕು. ನಾವು ಹತ್ರ ಹೋದ್ರೆ ನಿಲ್ಲಿಸಿಬಿಡ್ತಾರೆ."

ಏಣಿ ಇಳಿಯುವಷ್ಟರಲ್ಲಿ ಪೇಂಟರನ ಮನಸ್ಸು ಗಟ್ಟಿಯಾಗಿತ್ತು. ಅಪ್ಪನ ಗಂಟು ಎಲ್ಲಿದೆ ಎಂದು ಈಗ ಗೊತ್ತಾಗಿತ್ತು. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದ ಹಾಗೆ ದೇವರ ಹತ್ತಿರ ಕೂಡಿಟ್ಟುಕೊಂಡ ಗಂಟು. ಅದನ್ನು ಕದಿಯಲು ಬರುವುದಿಲ್ಲ. ಆದರೆ ಖರ್ಚು ಮಾಡಿಸಲು ಬರುತ್ತದೆ. ಎಲ್ಲವನ್ನೂ ಒಂದೇ ದಿನ, ಒಂದೇ ಕಡೆ, ಚಪ್ಪಾಳೆಯ ಜೊತೆ.

ಪಾಸ್ಟರು ಆ ವರ್ಷ ಚರ್ಚಿನಲ್ಲಿ ಹಿರಿಯರಿಗಾಗಿ ಒಂದು ಆರಾಧನೆ ಇಟ್ಟುಕೊಳ್ಳಬೇಕೆಂದಿದ್ದರು. ಯಾರನ್ನು ಸನ್ಮಾನಿಸುವುದೆಂದು ತೋಚದೆ ಕೂತಿದ್ದಾಗ ಪೇಂಟರ್ ಹೋಗಿ ಅಪ್ಪನ ವಿಷಯ ಹೇಳಿದ. ಪಾಸ್ಟರ ಕಣ್ಣು ಅರಳಿತು.

"ಆದ್ರೆ ಅವರು ಒಪ್ಪೋ ಪೈಕಿ ಅಲ್ಲವಲ್ಲ?"

"ಒಪ್ಪಲ್ಲ. ಅದಕ್ಕೇ ಅವರಿಗೆ ಹೇಳದೆ ಮಾಡಬೇಕು."

"ಇಂಥ ಮಗ ಎಲ್ಲರಿಗೂ ಸಿಗಲ್ಲಪ್ಪ" ಎಂದರು ಪಾಸ್ಟರು, ಅವನ ಬೆನ್ನು ತಟ್ಟಿ. ಜೀವಮಾನವಿಡೀ ಕಾದಿದ್ದ ಮಾತು ತಪ್ಪು ಬಾಯಿಂದ, ತಪ್ಪು ಕೆಲಸಕ್ಕೆ ಬಂದಿತ್ತು. ಅವನು ಅದನ್ನೂ ಬಿಡದೆ ನುಂಗಿದ.

ಮುಂದಿನ ಕೆಲವು ವಾರ ಅವನು ಸಂಜೆ ಹೊತ್ತು ಮನೆ ಮನೆ ತಿರುಗಿದ. ಗಂಡನ ಹೆಣಕ್ಕೆ ಕ್ಷೌರ ಮಾಡಿಸಲು ಗತಿಯಿಲ್ಲದಿದ್ದ ವಿಧವೆಯೊಬ್ಬಳು ಸಿಕ್ಕಳು. ಪಾರ್ಶ್ವವಾಯು ಹೊಡೆದ ಶಾಲಾ ಮಾಸ್ತರರ ತಂಗಿ ಸಿಕ್ಕಳು. ಹೇಳಬೇಕೆಂಬ ಆಸೆ ಅವರೆಲ್ಲರಿಗೂ ಗಂಟಲ ತನಕ ಬಂದು ಕೂತಿತ್ತು, ಹೇಳಿ ಎನ್ನುವವರು ಬೇಕಿತ್ತು ಅಷ್ಟೇ. ಮನೆಯಲ್ಲಿ ಹೆಂಡತಿಗೆ ಅನುಮಾನ ಬಂದು, ಇದೇನು ನಿಮಗೆ ಅಪ್ಪನ ಮೇಲೆ ಇದ್ದಕ್ಕಿದ್ದ ಹಾಗೆ ಇಷ್ಟು ಪ್ರೀತಿ ಎಂದು ಕೇಳಿದಳು. ಅವನು ನಕ್ಕು, ಮುಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಅಪ್ಪನ ಅಂಗಡಿಯಾಗಿದ್ದ ಆ ಕೋಣೆಯಲ್ಲಿ ಈಗ ಅವನ ಬಣ್ಣದ ಡಬ್ಬಿಗಳಿದ್ದವು. ಗೋಡೆಯ ದೊಡ್ಡ ಕನ್ನಡಿ ಮಾತ್ರ ಹಾಗೆಯೇ ಉಳಿದಿತ್ತು. ಅದರ ಮುಂದೆ ಉದ್ದನೆಯ ಬಿಳಿ ಬಟ್ಟೆ ಹಾಸಿ, 'ಮರೆಯಲ್ಲಿ ಸೇವೆ ಮಾಡಿದ ನಮ್ಮ ಹಿರಿಯರಿಗೆ ಸಭೆಯ ವಂದನೆ' ಎಂದು ಅವನು ಜೀವನದಲ್ಲೇ ಅತಿ ಚೆಂದದ ಅಕ್ಷರಗಳನ್ನು ಬರೆದ. ಮರೆಯಲ್ಲಿ ಎಂಬುದಕ್ಕೆ ಬಂಗಾರದ ಬಣ್ಣ ಹಾಕಿದ.

ಆರಾಧನೆಗೆ ಮುಂಚಿನ ದಿನ ಅವನನ್ನು ಹುಡುಕಿಕೊಂಡು ಒಬ್ಬ ಬಸ್ ಡ್ರೈವರ್ ಬಂದ. ದೊಡ್ಡ ದೇಹ, ಸಣ್ಣ ದನಿ. ಹಿಂದೊಮ್ಮೆ ಜ್ವರ ತಲೆಗೇರಿ ಡಾಕ್ಟರೇ ಕೈಬಿಟ್ಟಿದ್ದರಂತೆ. ಕಣ್ಣು ಬಿಡಲಾಗದೆ, ಬೆರಳು ಆಡಿಸಲಾಗದೆ ಮಲಗಿದ್ದಾಗ ಸೋಮವಾರದ ಅಜ್ಜ ಬಂದು ಕ್ಷೌರ ಮಾಡಿದ್ದರಂತೆ. ನಾಳೆ ಚರ್ಚಿನಲ್ಲಿ ಅದನ್ನು ಹೇಳಬೇಕೆಂದು ಬಂದಿದ್ದ.

"ನನಗೆ ಕೇಳಿಸಲ್ಲ ಅಂತ ಅಂದ್ಕೊಂಡಿದ್ರು ಅವರು. ನನಗೆಲ್ಲ ಕೇಳಿಸ್ತಿತ್ತು."

"ಏನು, ಪ್ರಾರ್ಥನೆನಾ?"

"ಪ್ರಾರ್ಥನೆ ಅಲ್ಲ ಅಣ್ಣಾ. ನಿಮ್ಮ ವಿಷಯ." ಡ್ರೈವರ್ ನಾಚಿಕೆಯಿಂದ ನಕ್ಕ. "ಕಲ್ಲುಗಣಿ ಹೊಂಡದ ವಿಷಯ. ಎಲ್ರೂ ದಡದಲ್ಲಿ ನಿಂತಿದ್ರಂತೆ, ನನ್ನ ಮಗ ಒಬ್ನೇ ಹಾರಿದ ಅಂತ. ಜಡೆ ಹಿಡ್ಕೊಂಡು ತಂದ ಅಂತ. ಬಟ್ಟೆಯಿಂದ ನೀರು ಸೋರ್ತಿತ್ತು, ನಡುಗ್ತಾ ನಿಂತ್ಕೊಂಡು ಹೇಳ್ದ ಅಂತ. ಒಂದು ಗಲ್ಲ ಮುಗಿಸಿ ಇನ್ನೊಂದು ಗಲ್ಲಕ್ಕೆ ಬಂದಾಗ ಮತ್ತೆ ಮೊದಲಿಂದ ಹೇಳಿದ್ರು. ನನ್ನಂಥ ಎಷ್ಟು ಜನಕ್ಕೆ ಹೇಳಿದ್ದಾರೋ. ಹೋಗೋರ ಹತ್ರ ಹೇಳಿದ್ರೆ ಊರಿಗೆ ಗೊತ್ತಾಗಲ್ಲ ನೋಡಿ. ನಾನೊಬ್ಬ ಹೋಗದೇ ಉಳ್ಕೊಂಡುಬಿಟ್ಟೆ."

ಪೇಂಟರ್ ಕುಂಚವನ್ನು ಸೀಮೆಎಣ್ಣೆಯ ಡಬ್ಬಿಯಲ್ಲಿ ಅದ್ದಿ, ತೊಳೆದು, ಒರೆಸಿ, ಮತ್ತೆ ಅದ್ದಿದ. ಬಟ್ಟೆಯ ಮೇಲಿನ ಬಂಗಾರದ ಬಣ್ಣ ಇನ್ನೂ ಆರಿರಲಿಲ್ಲ. ನಿಲ್ಲಿಸಬೇಕೆಂದರೆ ಇದೇ ಹೊತ್ತು. ಪಾಸ್ಟರ ಮನೆ ಎರಡು ಬೀದಿ ಆಚೆ. ಆದರೆ ಬಾಗಿಲ ಹಿಂದೆ ನಿಂತ ಹುಡುಗನೊಬ್ಬ ಅವನೊಳಗೆ ಇನ್ನೂ ನಿಂತೇ ಇದ್ದ. ಸಾಯುವವರ ಕಿವಿಗೆ ಸಿಕ್ಕಿದ್ದು ಆ ಹುಡುಗನ ಕಿವಿಗೆ ಸಿಕ್ಕಿರಲಿಲ್ಲ. ಎರಡು ಗಲ್ಲಕ್ಕೆ ಎರಡು ಸಲ ಹೇಳಿದವರಿಗೆ, ಊಟದ ಮೇಜಿನಲ್ಲಿ ಒಂದು ಸಲ ಹೇಳಲು ಬಾಯಿ ಬಂದಿರಲಿಲ್ಲ.

"ನಾಳೆ ಇದನ್ನ ಹೇಳ್ಬೇಡಿ" ಎಂದ. "ಕ್ಷೌರ ಮಾಡಿದ್ದು ಹೇಳಿ, ಸಾಕು. ನಾಳೆ ಅವರ ದಿನ. ನನ್ನದಲ್ಲ."

ಡ್ರೈವರನಿಗೆ ಅದು ವಿನಯದ ಹಾಗೆ ಕಂಡಿತು. ಅಪ್ಪನ ಮಗನೇ ಸರಿ ಎಂದುಕೊಂಡು ಹೋದ.

ಭಾನುವಾರ ಎಲ್ಲವೂ ಅವನು ಅಂದುಕೊಂಡ ಹಾಗೆಯೇ ನಡೆಯಿತು. ಅಪ್ಪ ಎಂದಿನ ಹಾಗೆ ಕೊನೆಯ ಬೆಂಚಿನಲ್ಲಿ ಕೂರಲು ಹೋದಾಗ ಪಾಸ್ಟರು ಕೈ ಹಿಡಿದು ಮುಂದೆ ಕರೆದುಕೊಂಡು ಬಂದರು. ಗೋಡೆಯ ಮೇಲಿನ ಅಕ್ಷರಗಳನ್ನು ಅಪ್ಪ ಓದಿದರು. ಮಗನ ಕೈಬರಹವೆಂದು ತಿಳಿಯದಿರಲು ಸಾಧ್ಯವೇ ಇರಲಿಲ್ಲ. ಆಮೇಲೆ ವಿಧವೆ ಎದ್ದಳು, ಮಾಸ್ತರರ ತಂಗಿ ಎದ್ದಳು, ಆಯಾ ಎದ್ದಳು, ಡ್ರೈವರ್ ಎದ್ದ. ಒಬ್ಬೊಬ್ಬರು ಮಾತಾಡಿ ಕೂತಾಗಲೂ ಚಪ್ಪಾಳೆ. ಪೇಂಟರ್ ಅಪ್ಪನ ಮುಖ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಮೊದಲು ಅದು ಬಿಳಿಚಿಕೊಂಡಿತು. ಆಮೇಲೆ ನಿಧಾನವಾಗಿ ಬಣ್ಣ ಏರಿತು. ಡ್ರೈವರ್ ಎದ್ದಾಗ ಮಾತ್ರ ಅಪ್ಪ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು. ಡ್ರೈವರ್ ಕ್ಷೌರದ ಮಾತಷ್ಟೇ ಹೇಳಿ ಕೂತ. ಅಪ್ಪನ ಕೈ ಸಡಿಲವಾಯಿತು.

ಮನೆಯಲ್ಲಿ ಊಟಕ್ಕೆ ಕೂತಾಗ ಅಮ್ಮ ಬಡಿಸಿದರು. ಅಪ್ಪ ತಮ್ಮ ತಟ್ಟೆಯ ಮಾಂಸದ ತುಂಡನ್ನು ಚಮಚದಿಂದ ಎತ್ತಿ, ನಿಧಾನವಾಗಿ ಪಾತ್ರೆಗೆ ಹಾಕಿದರು.

"ಮಾವ, ನೀವೇನು ಹೇಳ್ಕೊಂಡ್ರಾ? ಅವರಾಗಿ ಹೇಳಿದ್ದು" ಎಂದಳು ಸೊಸೆ.

"ಹೌದಮ್ಮ, ಅವರಾಗಿ ಹೇಳಿದ್ದು."

"ಮತ್ತೆ?"

"ಕೇಳೋಕೆ ಚೆನ್ನಾಗಿತ್ತು" ಎಂದರು ಅಪ್ಪ. ಬ್ರೆಡ್ ಮುರಿದು ಸಾರಿನಲ್ಲಿ ಅದ್ದಿದರು, ಆದರೆ ಬಾಯಿಗೆ ಇಡಲಿಲ್ಲ. "ಮೊದಲಿನ ಇಬ್ಬರು ಮಾತಾಡೋವರೆಗೂ ಎದ್ದು ಹೋಗ್ಬೇಕು ಅನ್ನಿಸ್ತಿತ್ತು. ಆಮೇಲೆ ಇನ್ಯಾರು ಏಳ್ತಾರೆ ಅಂತ ನೋಡ್ತಾ ಕೂತಿದ್ದೆ. ಅಷ್ಟೇ. ಮುಗೀತು."

ಮಗನ ಕಡೆ ಅವರು ನೋಡಲಿಲ್ಲ. ಮಗ ತನ್ನ ತುಂಡನ್ನು ತಿಂದ. ಎರಡನೆಯದನ್ನೂ ಹಾಕಿಸಿಕೊಂಡ. ಅಷ್ಟು ರುಚಿಯಾದ ಊಟ ಆ ಮನೆಯಲ್ಲಿ ಅವನು ಉಂಡಿರಲಿಲ್ಲ.

ಆ ಸೋಮವಾರ ಅಪ್ಪ ಹೊರಡಲಿಲ್ಲ. ಮುಂದಿನ ಸೋಮವಾರವೂ ಇಲ್ಲ. ಕ್ಷೌರದ ಚೀಲ ಬಾಗಿಲ ಹಿಂದಿನ ಮೊಳೆಯಲ್ಲೇ ತೂಗಿತು. ಆಸ್ಪತ್ರೆಗೆ ಹೋದರೆ ಈಗ ನರ್ಸುಗಳು ಎದ್ದು ನಿಂತು ಕೈ ಮುಗಿಯುತ್ತಾರೆ, ರೋಗಿಯ ಕಡೆಯವರು ಫೋಟೋ ತೆಗೆಯುತ್ತಾರೆ ಎಂದು ಅಮ್ಮನ ಹತ್ತಿರ ಹೇಳಿದರಂತೆ. ಅದು ತಪ್ಪಲ್ಲ, ಅದು ಬೇಕು ಅನ್ನಿಸಿಬಿಟ್ಟರೆ ಎಂದು ಹೆದರಿಕೆ ಅಂದರಂತೆ. ಒಂದು ದಿನ ಆಯಾ ಮನೆಗೇ ಬಂದು, ಮೂಲೆಯ ಹಾಸಿಗೆಯವನು ಹೋಗಿಬಿಟ್ಟ, ಗಡ್ಡ ಹಾಗೆಯೇ ಇತ್ತು ಎಂದು ಹೇಳಿ ಹೋದಳು. ಅಪ್ಪ ಆ ದಿನವೆಲ್ಲ ಹಿತ್ತಲಿನಲ್ಲಿ ಕೂತು ಕತ್ತಿಯನ್ನು ಚರ್ಮದ ಪಟ್ಟಿಗೆ ಉಜ್ಜಿದರು. ಯಾವ ಗಲ್ಲಕ್ಕೆಂದು ಅವರಿಗೇ ಗೊತ್ತಿರಲಿಲ್ಲ.

ಮನೆಯ ನಿಯಮವೂ ತಾನಾಗಿ ಸತ್ತುಹೋಯಿತು. ಗುಬ್ಬಿ ಬೇಕೆಂದೇ ಪರೀಕ್ಷೆ ಮಾಡಿದಳು. ಕೈ ಮುರಿದವಳಿಗೆ ತನ್ನ ಪೆನ್ಸಿಲ್ ಬಾಕ್ಸನ್ನೇ ಕೊಟ್ಟೆ ಎಂದು ಮೇಜಿನಲ್ಲಿ ಗಟ್ಟಿಯಾಗಿ ಹೇಳಿ, ಅಜ್ಜನ ಚಮಚದ ಕಡೆ ನೋಡಿದಳು. ಚಮಚ ಅಲ್ಲಾಡಲಿಲ್ಲ.

"ಅಜ್ಜ, ನನ್ನ ಪೀಸ್ ತಗೊಳ್ಳಲ್ವಾ?"

"ತಿನ್ನು ಮಗಾ. ಹೇಳೋ ಬಾಯಿ ನನಗಿಲ್ಲ ಈಗ."

ಗುಬ್ಬಿ ತಿಂದಳು. ಆದರೆ ಗೆದ್ದವಳ ಹಾಗೆ ತಿನ್ನಲಿಲ್ಲ.

ಚರ್ಚಿನಿಂದ ಬಂದ ಆ ಉದ್ದನೆಯ ಬಟ್ಟೆಯನ್ನು ಒಂದು ಬೆಳಿಗ್ಗೆ ಅಮ್ಮ ಕತ್ತರಿಸಿ ನೆಲ ಒರೆಸಲು ತೆಗೆದುಕೊಂಡರು. ಮಗ ನೋಡುತ್ತ ನಿಂತ. ಅವನ ಬಂಗಾರದ ಅಕ್ಷರ ಅಮ್ಮನ ಕೈಯಲ್ಲಿ ಮುದ್ದೆಯಾಗಿತ್ತು.

"ಚೆಂದ ಬರೆದಿದ್ದೀಯ" ಎಂದರು ಅಮ್ಮ, ತಲೆ ಎತ್ತದೆ. "ಆದ್ರೆ ನೀರೇ ಹೀರಲ್ಲ. ಬಣ್ಣ ಜಾಸ್ತಿ ಆಯ್ತು."

"ಅಮ್ಮ, ನಾನು ಮಾಡಿದ್ದು ಅವರ ಗೌರವಕ್ಕೆ."

"ಹೂಂ. ಊರಿಗೆ ಹಾಗೆ ಹೇಳು. ನಿನ್ನ ಹೆತ್ತೋಳು ನಾನು, ನಿನ್ನ ಮುಖ ನಂಗೆ ಓದೋಕೆ ಬರುತ್ತೆ. ಅವತ್ತು ನೀನು ಎರಡು ಪೀಸ್ ತಿಂದೆ."

"ಅವರು ನಂಗೆ ಮಾಡಿದ್ದು?"

ಅಮ್ಮ ಬಟ್ಟೆ ಹಿಂಡಿದರು. "ಮಾಡಿದ್ರು. ಅವತ್ತೇ ನಾನು ಬೇಡ ಅಂದಿದ್ದೆ. ಹೊಗಳಿದ್ರೆ ಹುಡುಗ ಕಳ್ಕೊಳ್ತಾನೆ, ಅದು ಅವನ ಗಂಟು, ನಾನು ಮುಟ್ಟಬಾರದು ಅಂದ್ರು. ತಪ್ಪೋ ಸರಿಯೋ, ನಿನ್ನ ಗಂಟು ಕಾದ್ರು. ನೀನು ಅವರದ್ದು ಬಿಚ್ಚಿ ಹಂಚಿದೆ. ಈಗ ಸಮ ಆಯ್ತಾ? ಕಾಲು ತೆಗಿ, ಒರೆಸ್ಬೇಕು."

ಅವನು ಕಾಲು ತೆಗೆದ.

ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ ಅವನು ಮುಂದಿನ ಕೋಣೆಯಲ್ಲಿ ಔಷಧಿ ಅಂಗಡಿಯ ಬೋರ್ಡ್ ಬರೆಯುತ್ತಿದ್ದಾಗ ಅಪ್ಪ ಬಾಗಿಲಲ್ಲಿ ಬಂದು ನಿಂತರು. ಅಂಗಡಿ ಬಿಟ್ಟಮೇಲೆ ಆ ಕೋಣೆಗೆ ಅವರು ಕಾಲಿಡುತ್ತಿದ್ದದ್ದೇ ಅಪರೂಪ. ಕನ್ನಡಿಯಲ್ಲಿ ಇಬ್ಬರ ಮುಖವೂ ಕಾಣುತ್ತಿತ್ತು. ಅಪ್ಪನ ಗಡ್ಡ ಬೆಳೆದಿತ್ತು. ಅವನು ಹುಟ್ಟಿದಾಗಿನಿಂದ ಅಪ್ಪನ ಗಲ್ಲದ ಮೇಲೆ ಗಡ್ಡ ನೋಡಿರಲಿಲ್ಲ.

"ಆ ಬಸ್ ಡ್ರೈವರ್" ಎಂದರು ಅಪ್ಪ. "ಅವನನ್ನ ಕರೆದದ್ದು ನೀನೇನಾ?"

"ಅವನೇ ಬಂದಿದ್ದ."

"ಚರ್ಚಲ್ಲಿ ಹೇಳಿದ್ದು ಬಿಟ್ಟು ನಿನ್ನ ಹತ್ರ ಬೇರೆ ಏನಾದ್ರೂ ಹೇಳಿದ್ನಾ?"

ಪೇಂಟರ್ ಕುಂಚವನ್ನು ಅಕ್ಷರದ ತುದಿಯಿಂದ ಎತ್ತಲಿಲ್ಲ. ಕನ್ನಡಿಯಲ್ಲಿ ಅಪ್ಪನ ಕಣ್ಣು ಅವನ ಮೇಲೆಯೇ ಇತ್ತು. ಇನ್ಯಾವ ಗಂಟೂ ಉಳಿಯದ ಮನುಷ್ಯ, ಕೊನೆಯದೊಂದು ಎಲ್ಲಾದರೂ ಉಳಿದಿದೆಯೇ ಎಂದು ಕೇಳುವ ಹಾಗಿತ್ತು. ಇಲ್ಲವೇ, ಅದೊಂದು ಹೇಗಾದರೂ ಮಗನಿಗೆ ತಲುಪಿರಲಿ ಎಂದು ಬೇಡುವ ಹಾಗಿತ್ತು. ಯಾವುದೆಂದು ಅವನಿಗೆ ತಿಳಿಯಲಿಲ್ಲ. ತಿಳಿದುಕೊಳ್ಳಲು ಅವನು ತಿರುಗಲೂ ಇಲ್ಲ.

"ಇಲ್ಲ. ಏನು ಹೇಳ್ಬೇಕಿತ್ತು?"

"ಏನಿಲ್ಲ" ಎಂದರು ಅಪ್ಪ. "ಸುಮ್ನೆ ಕೇಳ್ದೆ."

ಅವರು ತಾವು ಎಷ್ಟೋ ವರ್ಷ ಒರೆಸಿದ್ದ ಕನ್ನಡಿಯ ಮೇಲೆ ಸಿಡಿದಿದ್ದ ಬಣ್ಣದ ಹನಿಯೊಂದನ್ನು ಉಗುರಿನಿಂದ ಕೆರೆದರು. ಆಮೇಲೆ ಒಳಗೆ ಹೋದರು. ಅಪ್ಪ ಬದುಕಿದ್ದಷ್ಟು ಕಾಲವೂ ಅವರಿಬ್ಬರೂ ಅದೇ ಮೇಜಿನಲ್ಲಿ ಎದುರುಬದುರು ಕೂತು ಉಂಡರು, ಬ್ರೆಡ್ಡಿನ ಬಗ್ಗೆ, ಸಾರಿನ ಬಗ್ಗೆ, ಗುಬ್ಬಿಯ ಶಾಲೆಯ ಬಗ್ಗೆ ಮಾತಾಡಿದರು. ಕಲ್ಲುಗಣಿಯ ಹೊಂಡದ ವಿಷಯ ನೀವು ಸಾಯುವವರ ಕಿವಿಯಲ್ಲಿ ಹೇಳುತ್ತಿದ್ದದ್ದು ನನಗೆ ಗೊತ್ತು ಎಂದು ಅವನು ಅಪ್ಪನಿಗೆ ಒಂದು ದಿನವೂ ಹೇಳಲಿಲ್ಲ.